ಅರವತ್ತಕ್ಕೂ ನೂರಕ್ಕೂ ನಡುವೆ

೧೪ ಜೂನ್ ೧೯೭೮, ಬುಧವಾರ. ಗುಬ್ಬಿ

ಇವತ್ತು ಗುಬ್ಬಿಯಲ್ಲಿ ಕಿವಿ ಇದ್ದವರಿಗೆಲ್ಲ ಗೊತ್ತಾಯಿತು, ನನ್ನ ತಂಗಿ ರೋಷನ್ ಬೀಯ ಮಗಳು ಖಮರುನ್ನೀಸಾ ಬಿ.ಎಸ್ಸಿ. ಪಾಸು. ಬರೀ ಪಾಸಲ್ಲ, ಫಸ್ಟ್ ಕ್ಲಾಸು. ಕಿವಿ ಇಲ್ಲದವರಿಗೂ ಗೊತ್ತಾಗಿರಬೇಕು, ಯಾಕೆಂದರೆ ಅದನ್ನು ಹೇಳಿದ್ದು ನನ್ನ ಎರಡು ಹಾರನ್ನುಗಳು. ಮೆಹಬೂಬ್ ಪಾಷಾನ ಮೈಕ್ ಸೆಟ್ಟಿಗೆ ಸಮನಾದದ್ದು ಈ ಜಿಲ್ಲೆಯಲ್ಲಿ ಇನ್ನೊಂದಿಲ್ಲ. ಕಳೆದ ಎಲೆಕ್ಷನ್ನಿನಲ್ಲಿ ಮೂರು ಪಕ್ಷದವರೂ ನನ್ನನ್ನೇ ಕರೆದರು. ಬೆಳಿಗ್ಗೆ ಒಬ್ಬರನ್ನು ಹೊಗಳಿದ ಹಾರನ್ನು ಸಾಯಂಕಾಲ ಅವರನ್ನೇ ಬೈಯಿತು; ಎರಡೂ ಸ್ಪಷ್ಟವಾಗಿ ಕೇಳಿಸಿತು.

ಪೇಪರು ರೈಲಿನಲ್ಲಿ ಬಂತು. ರಿಜಿಸ್ಟರ್ ನಂಬರುಗಳನ್ನು ಮೂರು ಗುಂಪು ಮಾಡಿ ಹಾಕಿದ್ದರು: ಫಸ್ಟ್ ಕ್ಲಾಸು, ಸೆಕೆಂಡ್ ಕ್ಲಾಸು, ಪಾಸ್ ಕ್ಲಾಸು. ಖಮರ್ ಕೆಳಗಿನಿಂದ ಹುಡುಕುತ್ತ ಮೇಲೆ ಬಂದಳು, ನಾನು ಮೇಲಿನಿಂದ ಹುಡುಕಿದೆ. ನನಗೇ ಮೊದಲು ಸಿಕ್ಕಿತು. ಓದಿದವಳು ಅವಳೇ ಇರಬಹುದು, ಕಂಡುಹಿಡಿದವನು ನಾನು.

ಆಮೇಲೆ ಸುಮ್ಮನೆ ಕೂರಲು ನಾನೇನು ಭಾವನೇ? ಖಮರಳ ಅಪ್ಪ, ಭಾವ ನಜೀರ್ ಅಹಮದ್ ಹಿರೇಹಳ್ಳಿಯ ವರ್ಕ್‌ಶಾಪಿನಲ್ಲಿ ಲೇತ್ ನಡೆಸುವವನು. ಸಂತೋಷವಾದರೆ ಕನ್ನಡಕ ಒರೆಸುತ್ತಾನೆ, ಅಷ್ಟೇ. ನಾನು ಜಟಕಾ ಕಟ್ಟಿಸಿದೆ. ಬ್ಯಾಟರಿ, ಆಂಪ್ಲಿಫೈಯರ್, ಹಾರನ್ನು ಎಲ್ಲ ಏರಿಸಿ ಊರೆಲ್ಲ ಸುತ್ತಿದೆ. ಹತ್ತು ಸಾವಿರ ಜನ ಕೇಳಿದರು. ಅದೂ ಕಡಿಮೆ ಹೇಳಿದ ಹಾಗೆ.

ಬಸ್ ಸ್ಟ್ಯಾಂಡಿನ ಹತ್ತಿರ ಟೀ ಅಂಗಡಿಯ ಚಿಕ್ಕಬೋರಯ್ಯ ಅಡ್ಡ ಬಂದ.

“ಫಸ್ಟ್ ಕ್ಲಾಸು ಸರಿ ಕಣ್ ಪಾಷಾ. ಪರ್ಸೆಂಟ್ ಎಷ್ಟು?”

ಮೈಕು ಆನ್ ಇತ್ತು. ಮೈಕು ಆನ್ ಇರುವಾಗ ‘ಗೊತ್ತಿಲ್ಲ’ ಎನ್ನುವವನು ಈ ವೃತ್ತಿಗೆ ಬರಬಾರದು. ಫಸ್ಟ್ ಕ್ಲಾಸು ಅರವತ್ತಕ್ಕೆ ಶುರು, ನೂರಕ್ಕೆ ಮುಗಿಯುತ್ತದೆ. ಎರಡರ ನಡುವೆ ಎಷ್ಟು? ಎಂಬತ್ತು. ಮೇಲಕ್ಕೂ ಎಳೆಯಲಿಲ್ಲ, ಕೆಳಕ್ಕೂ ತಳ್ಳಲಿಲ್ಲ, ನ್ಯಾಯವಾಗಿ ನಡುವಿನದನ್ನು ತೆಗೆದುಕೊಂಡೆ. “ಎಂಬತ್ತು!” ಎಂದೆ. ಹಾರನ್ನು ಅದನ್ನೇ ಎರಡೆರಡು ಸಲ ಹೇಳಿತು.

ಸಾಯಂಕಾಲ ಖಮರ್ ಕೇಳಿದಳು: “ಮಾಮು, ಎಂಬತ್ತು ಅಂತ ಯಾರ್ ಹೇಳಿದ್ದು ನಿಮ್ಗೆ?”

“ಯೂನಿವರ್ಸಿಟಿ.”

“ಮಾರ್ಕ್ಸ್ ಕಾರ್ಡೇ ಬಂದಿಲ್ವಲ್ಲ ಇನ್ನೂ.”

“ಬರ್ಲಿ ಬುಡು. ಬಂದಾಗ ಅದೂ ಎಂಬತ್ತೇ ಅನ್ನುತ್ತೆ.”

ಅವಳು ನಗಲಿಲ್ಲ. ಅತಿ ಓದಿದರೆ ಹೀಗೆ, ನಗು ತಡವಾಗಿ ಬರುತ್ತದೆ.

೧೫ ಜೂನ್, ಗುರುವಾರ

ಟೀ ಅಂಗಡಿಯಲ್ಲಿ ಎಂಬತ್ತು ಎಂಬತ್ತೆರಡಾಗಿದೆ. ನಾನು ತಿದ್ದಲಿಲ್ಲ. ಊರವರು ಪ್ರೀತಿಯಿಂದ ಏರಿಸಿದ್ದನ್ನು ಇಳಿಸಲು ನಾನು ಯಾರು?

೮ ಜುಲೈ, ಶನಿವಾರ

ಮಾರ್ಕ್ಸ್ ಕಾರ್ಡು ಬಂತು. ಎಂಬತ್ತು ಎಲ್ಲೂ ಇಲ್ಲ. ತಿರುಗಿಸಿ ಹಿಂದೆಯೂ ನೋಡಿದೆ.

ಖಮರ್ ಚಾಪೆಯ ಮೇಲೆ ಕಾರ್ಡುಗಳನ್ನು ಹರಡಿ ಹೇಳಿಕೊಟ್ಟಳು. ಡಿಗ್ರಿಯಲ್ಲಿ ಎರಡು ಭಾಗವಂತೆ. ಭಾಷೆಗಳು ಒಂದು ಭಾಗ: ಇಂಗ್ಲಿಷು, ಕನ್ನಡ. ಅದರಲ್ಲಿ ಪಾಸಾದರೆ ಸಾಕು. ಆಪ್ಷನಲ್ಲು ಇನ್ನೊಂದು ಭಾಗ: ಫಿಸಿಕ್ಸು, ಕೆಮಿಸ್ಟ್ರಿ, ಗಣಿತ. ಯೂನಿವರ್ಸಿಟಿಯವರು ಕ್ಲಾಸು ಕೊಡುವುದು ಆಪ್ಷನಲ್ಲನ್ನು ಮಾತ್ರ ನೋಡಿ. ಅದರಲ್ಲಿ ಅವಳಿಗೆ ಸಾವಿರದಿನ್ನೂರಕ್ಕೆ ಏಳುನೂರ ಮೂವತ್ತಮೂರು. ಅರವತ್ತೊಂದು ಪರ್ಸೆಂಟು, ಮೇಲೆ ಒಂದಿಷ್ಟು ಚಿಲ್ಲರೆ. ಅದಕ್ಕೇ ಫಸ್ಟ್ ಕ್ಲಾಸು. ಭಾಷೆಗಳಲ್ಲಿ ನಾನೂರಕ್ಕೆ ನೂರ ತೊಂಬತ್ತಾರು, ನಲವತ್ತೊಂಬತ್ತು ಪರ್ಸೆಂಟು. ಕನ್ನಡದಲ್ಲಿ ಚೆನ್ನಾಗಿಯೇ ಬಂದಿದೆ, ಇಂಗ್ಲಿಷು ಹೊಸ್ತಿಲು ದಾಟಿದೆ, ಅಷ್ಟೇ.

“ಅರವತ್ತೊಂದನ್ನ ತೋರ್ಸು, ನಲವತ್ತೊಂಬತ್ತನ್ನ ಟ್ರಂಕಿಗೆ ಹಾಕು,” ಎಂದೆ.

“ಯಾಕ್ ಮಾಮು? ಫೇಲಾಗಿಲ್ವಲ್ಲ.”

“ತೋರ್ಸೋದಕ್ಕೂ ಒಂದು ಕಳೆ ಬೇಡ್ವೇನೇ?”

“ನನ್ ಕಾರ್ಡು ಎರಡಿದೆ, ಎರಡೂ ಇಡ್ತೀನಿ.”

ಮೊಂಡುತನ ತಾಯಿಯ ಕಡೆಯಿಂದ ಬಂದದ್ದು. ಎಂದರೆ ನಮ್ಮ ಕಡೆಯಿಂದಲೇ.

ಕುಣಿಗಲ್ಲಿನ ಒಂದು ವಿದ್ಯಾಸಂಘದವರು ತಮ್ಮ ಜೂನಿಯರ್ ಕಾಲೇಜಿಗೆ ಲ್ಯಾಬ್ ಡೆಮಾನ್‌ಸ್ಟ್ರೇಟರ್ ಬೇಕೆಂದು ಪೇಪರಿನಲ್ಲಿ ಹಾಕಿದ್ದಾರೆ. ‘ಬಿ.ಎಸ್ಸಿ., ಪ್ರಥಮ ದರ್ಜೆ.’ ಹುಡುಗರಿಗೆ ಪ್ರಯೋಗ ಮಾಡಿ ತೋರಿಸುವ ಕೆಲಸ. ಜಿಲ್ಲೆಯಲ್ಲಿ ಈ ವರ್ಷ ಇರುವುದು ಇದೊಂದೇ ಜಾಗವಂತೆ. ಖಮರ್ ಆ ಪೇಪರಿನ ತುಂಡನ್ನು ಕತ್ತರಿಸಿ ಗೋಡೆಗೆ ಅಂಟಿಸಿದ್ದಾಳೆ. “ಲ್ಯಾಬ್ ಬಿಟ್ಟು ಒಂದು ವರ್ಷ ಮನೇಲಿ ಕೂತ್ರೆ ನನ್ ಕೈ ಹೋಗ್ಬಿಡುತ್ತೆ ಅಮ್ಮಿ,” ಎಂದು ಅವರಮ್ಮನಿಗೆ ಹೇಳುತ್ತಿದ್ದಳು. ಕೈ ಹೋಗುವುದು ಎಂದರೇನೆಂದು ರೋಷನ್ ಗಾಬರಿಯಾದಳು. ಬ್ಯೂರೆಟ್ಟು ಎಂಬ ಗಾಜಿನ ಕೊಳವೆಯ ತಿರುಪನ್ನು ಒಂದೊಂದೇ ಹನಿ ಬೀಳುವಂತೆ ತಿರುಗಿಸುವ ಕೈಯಂತೆ. ನಾನು ವಾಲ್ಯೂಮ್ ಗುಬುಟ ತಿರುಗಿಸುತ್ತೇನಲ್ಲ, ಹಾಗೆ. ಈ ಕೈ ಅವಳಿಗೆ ಎಲ್ಲಿಂದ ಬಂತೆಂದು ಬಿಡಿಸಿ ಹೇಳಬೇಕಾಗಿಲ್ಲ.

೧೭ ಜುಲೈ, ಸೋಮವಾರ

ಕುಣಿಗಲ್ಲಿಗೆ ಹೋಗಿ ಬಂದೆವು. ಅರ್ಜಿಯನ್ನು ಕೈಯಾರೆ ಕೊಡೋಣ ಎಂದವನು ನಾನು. ಅಂಚೆಯಲ್ಲಿ ಹೋದರೆ ಅರ್ಜಿ ಮಾತ್ರ ಹೋಗುತ್ತದೆ, ನಾನು ಹೋಗುವುದಿಲ್ಲ.

ಆಫೀಸಿನ ಗುಮಾಸ್ತ ಎರಡೂ ಕಾರ್ಡು ತೆಗೆದುಕೊಂಡು, ಪೆನ್ನಿನ ಹಿಂಬದಿಯಿಂದ ಒತ್ತುತ್ತ ಒತ್ತುತ್ತ ಕೂಡಿಸಿದ.

“ಸಾವಿರದಾರ್ನೂರಕ್ಕೆ ಒಂಬೈನೂರಿಪ್ಪತ್ತೊಂಬತ್ತು. ಐವತ್ತೆಂಟು ಪರ್ಸೆಂಟು. ಇದು ಸೆಕೆಂಡ್ ಕ್ಲಾಸು ಕಣಮ್ಮ.”

“ಸಾರ್, ಸರ್ಟಿಫಿಕೇಟಲ್ಲೇ ಫಸ್ಟ್ ಕ್ಲಾಸ್ ಅಂತ ಇದೆಯಲ್ಲ,” ಎಂದಳು ಖಮರ್.

“ಅದು ಯೂನಿವರ್ಸಿಟಿ ಲೆಕ್ಕ. ಇದು ಕುಣಿಗಲ್ ಲೆಕ್ಕ.”

“ಯಾವನಯ್ಯ ನಿಂಗೆ ಭಾಷೇನ ಸೇರ್ಸು ಅಂದೋನು?” ಎಂದೆ ನಾನು.

ಅವನು ನನ್ನನ್ನು ಮೇಲಿನಿಂದ ಕೆಳಗೆ ನೋಡಿದ. “ಓಹೋ! ಗುಬ್ಬಿ ಮೈಕ್ ಸಾಬ್ರು ನೀವೇ ಅಲ್ವಾ? ನಮ್ ಪ್ರೆಸಿಡೆಂಟ್ರು ಅವತ್ತು ಅಲ್ಲೇ ಕೊಬ್ರಿ ಮಂಡೀಲಿದ್ರು. ಎಂಬತ್ತು ಅಂತ ಹಾರನ್ನಲ್ಲಿ ಕೂಗಿದ್ದು ಕೇಳ್ಕೊಂಡ್ ಬಂದವ್ರೆ. ಎಂಬತ್ತು ಎಲ್ಲಮ್ಮ? ದಾರೀಲಿ ಬಿದ್ದೋಯ್ತಾ?”

ಬೆಂಚಿನ ಮೇಲೆ ಕೂತಿದ್ದವರು ನಕ್ಕರು. ನಗದವನೊಬ್ಬನಿದ್ದ, ಬಿಳಿ ಶರ್ಟಿನ ಹುಡುಗ. ಹುಲಿಯೂರುದುರ್ಗದ ರಾಮಾಂಜಿನಯ್ಯ. ಅವನೂ ಇದೇ ಜಾಗಕ್ಕೆ ಅರ್ಜಿ ಹಾಕಿದವನು. ಪ್ರೆಸಿಡೆಂಟ್ ಅಣ್ಣಯ್ಯಪ್ಪನವರ ತಂಗಿಯ ಮಗ ಎಂದು ಆಮೇಲೆ ತಿಳಿಯಿತು. ಹುಡುಗ ಮುಚ್ಚಿಡಲಿಲ್ಲ.

“ನಂದು ಸರ್ಟಿಫಿಕೇಟಲ್ಲಿ ಸೆಕೆಂಡ್ ಕ್ಲಾಸೇ ಮೇಡಂ. ಆಪ್ಷನಲ್ ಐವತ್ತೇಳು. ಭಾಷೇಲಿ ಎಪ್ಪತ್ತೊಂದು ಬಂತು. ಇವ್ರು ಎಲ್ಲಾ ಕೂಡ್ಸಿದ್ರು, ಅರವತ್ತೂವರೆ ಆಯ್ತು.”

ನೋಡಿ ಈ ಚಮತ್ಕಾರ. ಯೂನಿವರ್ಸಿಟಿ ಫಸ್ಟ್ ಕ್ಲಾಸು ಎಂದವಳು ಕುಣಿಗಲ್ಲಿನಲ್ಲಿ ಸೆಕೆಂಡು, ಸೆಕೆಂಡು ಎಂದವನು ಫಸ್ಟು. ಕೂಡಿಸುವುದರಲ್ಲಿ ತಪ್ಪಿಲ್ಲ, ಯಾವುದನ್ನು ಯಾವುದಕ್ಕೆ ಕೂಡಿಸುತ್ತಾರೆ ಎನ್ನುವುದರಲ್ಲಿದೆ ಆಟ. ನಾನು ಇಂಥ ಆಟಗಳನ್ನು ತೊಟ್ಟಿಲಲ್ಲೇ ಕಲಿತವನು. ಮೇಜು ಗುದ್ದಿದೆ. ಇಂಕಿನ ಕುಡಿಕೆ ಉರುಳಿತು. ಇಡೀ ಕುಣಿಗಲ್ಲು ನಡುಗಿತು.

ಖಮರ್ ಅರ್ಜಿಯಲ್ಲಿ ಎಲ್ಲ ಸೇರಿ ಐವತ್ತೆಂಟು ಎಂದೂ ಬರೆದು ಕೊಟ್ಟು, ನನ್ನ ತೋಳು ಹಿಡಿದು ಹೊರಗೆ ಕರೆತಂದಳು. ತುಮಕೂರಿನಲ್ಲಿ ಬಸ್ಸು ಬದಲಾಯಿಸಿದೆವು. ಆಮೇಲೆ ಕಿಟಕಿಯ ಕಡೆ ನೋಡುತ್ತಲೇ ಹೇಳಿದಳು: “ಮಾಮು, ಐವತ್ತೆಂಟು ಅಂದಾಗ ನಂಗೆ ಬೇಜಾರಾಗ್ಲಿಲ್ಲ. ಕೂಡ್ಸಿದ್ರೆ ಅಷ್ಟೇ ಬರೋದು. ಎಂಬತ್ತು ಎಲ್ಲಿ ಅಂದಾಗ ಆಯ್ತು.”

ಬಸ್ಸಿನ ಸದ್ದಿನಲ್ಲಿ ನನಗೆ ಸರಿಯಾಗಿ ಕೇಳಿಸಲಿಲ್ಲ.

೧೮ ಜುಲೈ, ಮಂಗಳವಾರ

ಸುದ್ದಿ ನನಗಿಂತ ಮೊದಲೇ ಗುಬ್ಬಿಗೆ ಬಂದಿದೆ. ಚಿಕ್ಕಬೋರಯ್ಯ ಟೀ ಕೊಡುತ್ತ, “ಎಂಬತ್ತು ಸಾಬ್ರಿಗೆ ಒಂದು ಟೀ, ಸಕ್ಕರೆ ಇಪ್ಪತ್ತೆರಡು ಕಮ್ಮಿ!” ಎಂದು ಕೂಗಿದ. ಲೋಟ ಅಲ್ಲೇ ಕುಕ್ಕಿ ಬಂದೆ. ಇನ್ನು ಆ ಅಂಗಡಿಯ ಟೀ ನನಗೆ ಹರಾಮು.

೨೬ ಜುಲೈ, ಬುಧವಾರ

ಇವತ್ತು ಸೇಡು ತೀರಿತು.

ಅದೇ ಕಾಲೇಜಿನ ಹೊಸ ಕಟ್ಟಡಕ್ಕೆ ಗುದ್ದಲಿ ಪೂಜೆ. ಕುಣಿಗಲ್ಲಿನ ಮೈಕಿನವನ ಆಂಪ್ಲಿಫೈಯರ್ ಸುಟ್ಟುಹೋಗಿ, ಅವನು ನನ್ನನ್ನು ಕರೆಸಿಕೊಂಡ. ಐನೂರು ಜನ ಸೇರಿದ್ದರು. ಮುನ್ನೂರು ಎನ್ನಬಹುದು. ಅಣ್ಣಯ್ಯಪ್ಪನವರು ರೇಷ್ಮೆ ಶಾಲು ಹೊದ್ದು ಭಾಷಣಕ್ಕೆ ನಿಂತರು. “ನಮ್ಮ ಸಂಸ್ಥೆಯಲ್ಲಿ ಒಂದೇ ಒಂದು ಮಾನದಂಡ. ಅದು ಯಾವುದಪ್ಪಾ ಅಂದ್ರೆ...” ಎಂದರು. ನಾನು ಗುಬುಟ ತಿರುಗಿಸಿದೆ. ಬಾಯಿ ಆಡಿತು, ಮಾತು ಬರಲಿಲ್ಲ. “ಅರ್ಹತೆ” ಎಂದಿರಬೇಕು. ಮತ್ತೆ ಸದ್ದು ಕೊಟ್ಟೆ. ಅವರು ಮೊದಲಿನಿಂದ ಶುರುಮಾಡಿದರು, “ಯಾವುದಪ್ಪಾ ಅಂದ್ರೆ...” ಮತ್ತೆ ತಿರುಗಿಸಿದೆ. ಮೂರನೆಯ ಸಲ ಹೆಂಗಸರ ಕಡೆಯಿಂದ ಕಲ್ಲಮ್ಮ ಎನ್ನುವ ಮುದುಕಿ, “ಅದೇನಂತ ಹೇಳ್ಬುಡಪ್ಪೋ, ಹೊತ್ತಾಯ್ತು!” ಎಂದು ಕೂಗಿದಳು. ಶಾಮಿಯಾನದ ಕಂಬ ಅಲ್ಲಾಡುವಷ್ಟು ನಗು. ರಾಮಾಂಜಿನಯ್ಯನೂ ಬಾಯಿಗೆ ಕರ್ಚೀಫು ಒತ್ತಿಕೊಂಡ.

ಅಣ್ಣಯ್ಯಪ್ಪ ತಿರುಗಿ ನನ್ನ ಕಡೆ ನೋಡಿದರು. ನಾನು ವೈರಿನ ಕಡೆ ನೋಡಿದೆ. ಇಂಥ ಕಲೆಗೆ ಪದಕ ಕೊಡುವ ಕಾಲ ಬರಬೇಕು.

೨೭ ಜುಲೈ, ಗುರುವಾರ

ಖಮರ್‌ಗೆ ಹೇಳಿದೆ. ನಗುತ್ತಾಳೆಂದುಕೊಂಡಿದ್ದೆ.

“ಇಂಟರ್‌ವ್ಯೂ ಆಗ್ಬೇಕಾದ್ದು ನಂಗೆ ಮಾಮು,” ಎಂದಳು. “ಅವತ್ತು ಅವ್ರ ಮುಂದೆ ಕೂತ್ಕೊಳ್ಳೋಳು ನಾನು. ನಿಮ್ ಆಂಪ್ಲಿಫೈಯರ್ ಅಲ್ಲ.”

“ಅವ್ರು ಅನ್ಯಾಯ ಮಾಡ್ತಾವ್ರೆ ಕಣೇ!”

“ಅವ್ರು ತಂಗಿ ಮಗನಿಗೋಸ್ಕರ ಲೆಕ್ಕ ತಿರುಗಿಸಿದ್ರು. ನೀವು ತಂಗಿ ಮಗಳಿಗೋಸ್ಕರ ತಿರುಗಿಸಿದ್ರಿ. ಅವ್ರು ಅರವತ್ತೂವರೆ ಮಾಡಿದ್ರು, ನೀವು ಎಂಬತ್ತು ಮಾಡಿದ್ರಿ. ಅವ್ರೂ ಮಾವಾನೇ, ನೀವೂ ಮಾವಾನೇ.”

ನನ್ನನ್ನೂ ಆ ಶಾಲಿನವರನ್ನೂ ಒಂದೇ ಚಾಪೆಯ ಮೇಲೆ ಕೂರಿಸಿದಳು! ನಾನು ಎದ್ದು ಅಂಗಡಿಗೆ ಹೋದೆ. ಹಾರನ್ನು ಒರೆಸಿದೆ. ಒರೆಸಿದ್ದನ್ನೇ ಮತ್ತೆ ಒರೆಸಿದೆ.

೩೦ ಜುಲೈ, ಭಾನುವಾರ

ಊಟಕ್ಕೆ ಕೂತಾಗ ನಾನೇ ಕೇಳಿದೆ, ಈ ಪರ್ಸೆಂಟು ಎನ್ನುವುದನ್ನು ಸರಿಯಾಗಿ ಹೇಳಿಕೊಡು ಎಂದು. ನನಗೆ ಬಾರದೇ ಅಲ್ಲ. ಊರ್ಡಿಗೆರೆಯ ಸ್ಕೂಲಿನಲ್ಲಿ ಮೇಷ್ಟ್ರು ಕನ್ನಡ ಅಕ್ಷರ ತಿದ್ದಿಸಿದರು, ಮಗ್ಗಿ ಬಾಯಿಪಾಠ ಮಾಡಿಸಿದರು. ಶೇಕಡಾ ಪಾಠ ಬರುವ ಹೊತ್ತಿಗೆ ನಾನು ಸೌಂಡ್ ಸರ್ವೀಸಿಗೆ ಬಂದಿದ್ದೆ.

ಖಮರ್ ನನ್ನ ಕೈಗೇ ಪೆನ್ಸಿಲು ಕೊಟ್ಟಳು. ಏಳುನೂರ ಮೂವತ್ತಮೂರನ್ನು ನೂರರಿಂದ ಗುಣಿಸು, ಸಾವಿರದಿನ್ನೂರರಿಂದ ಭಾಗಿಸು. ಅರವತ್ತೊಂದು ದಶಾಂಶ ಸೊನ್ನೆ ಎಂಟು ಬರಲು ಮಧ್ಯಾಹ್ನವೆಲ್ಲ ಹಿಡಿಯಿತು. ಬಂದಾಗ ಅದು ನನ್ನ ಸ್ವಂತದ್ದು ಅನ್ನಿಸಿತು. ಆಮೇಲೆ ಎಲ್ಲ ಕೂಡಿಸಿ ಮಾಡಿದೆ. ಐವತ್ತೆಂಟು ದಶಾಂಶ ಸೊನ್ನೆ ಆರು. ಅದೂ ಬಂತು. ಗುಮಾಸ್ತನ ಕೂಡುವಿಕೆ ಸರಿಯಾಗಿಯೇ ಇತ್ತು, ಅವನ ತಲೆಗಿಷ್ಟು ಬೆಂಕಿ ಬೀಳ.

ಪರ್ಸೆಂಟು ಎಷ್ಟು ಎಂದು ಕೇಳುವ ಮುಂಚೆ ಯಾವುದರಲ್ಲಿ ಎಂದು ಕೇಳಬೇಕು. ಯಾರೂ ಕೇಳುವುದಿಲ್ಲ. ಕ್ಲಾಸು ಎನ್ನುವುದು ಯೂನಿವರ್ಸಿಟಿ ತನ್ನ ನಿಯಮ ಇಟ್ಟುಕೊಂಡು ಕೊಟ್ಟ ಹೆಸರು. ಪರ್ಸೆಂಟು ಎನ್ನುವುದು ಯಾರು ಬೇಕಾದರೂ ಹಾಕಬಹುದಾದ ಲೆಕ್ಕ.

“ಮತ್ತೆ ನನ್ ಎಂಬತ್ತು?” ಎಂದೆ. “ಅರವತ್ತಕ್ಕೂ ನೂರಕ್ಕೂ ನಡುವೆ ಅದೇ ತಾನೆ?”

“ನಡುವೆ ಹೌದು ಮಾಮು, ಆದ್ರೆ ನಡುವೆ ಜನ ಇರ್ಬೇಕಲ್ಲ. ನಮ್ ಕಾಲೇಜಲ್ಲಿ ಫಸ್ಟ್ ಕ್ಲಾಸ್ ಬಂದೋರು ಏಳು ಜನ. ಎಲ್ರೂ ಅರವತ್ತರಿಂದ ಅರವತ್ತೈದರೊಳಗೆ.”

ಅರ್ಥವಾಯಿತು. ಶಾಮಿಯಾನದಲ್ಲಿ ಹಾಗೇ. ಬಂದವರೆಲ್ಲ ಬಾಗಿಲ ಹತ್ತಿರವೇ ನೂಕಾಡಿಕೊಂಡು ನಿಲ್ಲುತ್ತಾರೆ, ಒಳಗೆ ಜಮಖಾನೆ ಖಾಲಿ. ನಾನು ಖಾಲಿ ಜಮಖಾನೆ ನೋಡಿ ತಲೆ ಎಣಿಸಿದ್ದೆ.

ಇಂಗ್ಲಿಷಿನಲ್ಲಿ ಯಾಕೆ ಕಡಿಮೆ ಎಂದೂ ಕೇಳಿದೆ. ಮನೆಯಲ್ಲಿ ಉರ್ದು, ಸ್ಕೂಲಿನಲ್ಲಿ ಕನ್ನಡ. ಕಾಲೇಜಿಗೆ ಹೋದ ಮೊದಲ ದಿನ ಮೇಷ್ಟ್ರು ಇಂಗ್ಲಿಷಿನಲ್ಲಿ ಹೆಸರು ಕೇಳಿದರೆ ಊರಿನ ಹೆಸರು ಹೇಳಿಬಂದಿದ್ದಳಂತೆ. ಮೂರು ವರ್ಷ ಒಂದೇ ಮನೆಯ ಜಗಲಿಯ ಮೇಲೆ ಕೂತೂ ನನಗಿದು ಗೊತ್ತಿರಲಿಲ್ಲ.

೨ ಆಗಸ್ಟ್, ಬುಧವಾರ. ತುಮಕೂರು

ಖಮರ್ ಒಂದು ಮನವಿ ಬರೆದು ಜಿಲ್ಲಾ ಶಿಕ್ಷಣ ಕಚೇರಿಗೆ ಹೊರಟಳು. ನಾನೂ ಹೊರಟೆ. “ಮಾತಾಡಲ್ಲ ಅಂದ್ರೆ ಬನ್ನಿ,” ಎಂದಳು. ನಾನು ಮಾತಾಡದೆ ಇರುವುದು! ಒಪ್ಪಿಕೊಂಡೆ, ಯಾಕೆಂದರೆ ಬಸ್ಸು ಹೊರಟಿತ್ತು.

ಅಲ್ಲಿ ಸರ್ವಮಂಗಳಮ್ಮ ಎನ್ನುವ ಅಧಿಕಾರಿ. ನೆರೆತ ಕೂದಲು, ಕೊರಳಿಗೆ ದಾರ ಕಟ್ಟಿದ ಕನ್ನಡಕ. ಖಮರ್ ಎರಡೂ ಕಾರ್ಡು ಮುಂದಿಟ್ಟು, ತನ್ನ ಅರವತ್ತೊಂದು, ತನ್ನ ನಲವತ್ತೊಂಬತ್ತು, ಗುಮಾಸ್ತನ ಐವತ್ತೆಂಟು ಎಲ್ಲ ಹೇಳಿದಳು. ಆಮೇಲೆ, “ನಮ್ ಮಾಮು ಊರಲ್ಲಿ ಎಂಬತ್ತು ಅಂತ ಹೇಳ್ಬಿಟ್ಟಿದ್ದಾರೆ, ಅದೂ ನಿಮ್ಗೆ ಗೊತ್ತಿರ್ಲಿ ಮೇಡಂ,” ಎಂದಳು. ಕುರ್ಚಿಯಲ್ಲಿ ನನಗೆ ಎಲ್ಲೋ ಮೊಳೆ ಚುಚ್ಚಿದಂತಾಯಿತು.

“ಜಾಹೀರಾತಲ್ಲಿ ಏನಿದೆ? ದರ್ಜೆ ಅಂತಲೋ, ಶೇಕಡಾ ಅಂತಲೋ?” ಎಂದು ಆಕೆ ಕೇಳಿದರು.

“ಪ್ರಥಮ ದರ್ಜೆ ಅಂತ.”

“ದರ್ಜೆ ಕೊಡೋರು ಯೂನಿವರ್ಸಿಟಿ. ಶೇಕಡಾ ಅರವತ್ತು, ಎಲ್ಲಾ ವಿಷಯ ಸೇರಿಸಿ, ಅಂತ ಹಾಕಿದ್ರೆ ಅವರ ಮಾತು ನಡೀತಿತ್ತು. ಹಾಕಿಲ್ಲ. ಈಗ ಮಧ್ಯದಲ್ಲಿ ಬದಲಾಯಿಸೋಕಾಗಲ್ಲ.” ಕನ್ನಡಕ ತೆಗೆದು ಖಮರಳನ್ನು ನೋಡಿದರು. “ಹತ್ತನೇ ತಾರೀಖಿನ ಇಂಟರ್‌ವ್ಯೂಗೆ ಇಲಾಖೆ ಕಡೆಯಿಂದ ನಾನೇ ಬರ್ತೀನಿ. ಆದ್ರೆ ಅವರು ಬೇಡ ಅನ್ನೋಕೆ ಬೇರೆ ಕಾರಣ ಹುಡುಕಿದ್ರೆ ನನ್ನ ಕೈಲೇನೂ ಇಲ್ಲಮ್ಮ. ನಡತೆ ಸರಿಯಿಲ್ಲ ಅಂದ್ಬಿಟ್ರೆ ಸಾಕು.”

ಹೊರಗೆ ಬಂದಮೇಲೆ ಖಮರ್, “ನೀವು ನಿಜವಾಗ್ಲೂ ಮಾತಾಡ್ಲಿಲ್ಲ,” ಎಂದಳು. ಮೈಕು ಇರಲಿಲ್ಲ, ಅದಕ್ಕೆ.

೧೦ ಆಗಸ್ಟ್, ಗುರುವಾರ. ಕುಣಿಗಲ್

ರಂಜಾನಿನ ಉಪವಾಸ, ರೋಜಾ, ಶುರುವಾಗಿ ಕೆಲವೇ ದಿನ. ಬಾಯಿ ಒಣಗಿ ಹಲಗೆಯಾಗಿತ್ತು. ಖಮರ್ ಒಳಗೆ ಹೋದಳು, ನಾನು ವರಾಂಡದ ಬೆಂಚಿನಲ್ಲಿ ಕೂತೆ. ನನಗಿಂತ ಮೊದಲೇ ಕೂತಿದ್ದವರು ಹನ್ನೆರಡು ಹದಿಮೂರು ಜನ.

ಸ್ವಲ್ಪ ಹೊತ್ತಿಗೆ ಬಾಗಿಲು ತೆರೆದು, “ಕರೀರಿ ಆ ಮೈಕ್ ಸಾಬ್ರನ್ನ!” ಎಂದು ಅಣ್ಣಯ್ಯಪ್ಪನವರ ದನಿ ಬಂತು. ಬಾಗಿಲು ಹಾಗೇ ತೆರೆದಿತ್ತು, ಹೊರಗಿನವರೆಲ್ಲ ಕತ್ತು ಚಾಚಿದರು.

ಒಳಗೆ ಮೇಜಿನ ಆ ಕಡೆ ಅಣ್ಣಯ್ಯಪ್ಪ, ಗುಮಾಸ್ತ, ಸರ್ವಮಂಗಳಮ್ಮ. ಈ ಕಡೆ ಖಮರ್, ಪಕ್ಕದ ಕುರ್ಚಿಯಲ್ಲಿ ರಾಮಾಂಜಿನಯ್ಯ. ಖಮರ್ ಮುಂದೆ ಒಂದು ಬಿಳಿ ಹಾಳೆ, ಪೆನ್ನು.

“ಕೂತ್ಕೊಳಿ ಸಾಬ್ರೇ, ಕಾಫಿ ತರ್ಸ್ಲಾ?”

“ರೋಜಾ ಇದೀನಿ ಸ್ವಾಮಿ.”

“ಹಂಗಾರೆ ಸುಳ್ಳು ಹೇಳೋ ಹಂಗಿಲ್ಲ ಇವತ್ತು.” ಅವರೇ ನಕ್ಕರು. “ನೋಡಿ, ಮೇಡಂ ಹೇಳಿದ್ರು ದರ್ಜೆ ನೋಡ್ಬೇಕು ಅಂತ. ನೋಡಣ. ನಂಗೇನು ಹಟ ಇಲ್ಲ. ಆದ್ರೆ ಈ ಮಗು ಎಂಬತ್ತು ಅಂತ ಊರಿಗೆಲ್ಲ ಡಂಗುರ ಹೊಡಿಸೈತೆ. ಲ್ಯಾಬಿನಲ್ಲಿ ಆಸಿಡ್ಡು, ವಿಷ ಎಲ್ಲಾ ಇರ್ತದೆ. ಬಾಯಲ್ಲಿ ಒಂದು, ಕಾರ್ಡಲ್ಲಿ ಒಂದು ಇರೋರ ಕೈಗೆ ಹೆಂಗ್ ಕೊಡಾದು? ಅದಕ್ಕೆ ಒಂದ್ ಸಾಲು ಬರ್ಕೊಡಮ್ಮ ಅಂದೆ. ‘ಗೊತ್ತಿದ್ದೂ ಸುಳ್ಳು ಪ್ರಚಾರ ಮಾಡಿಸಿದ್ದಕ್ಕೆ ಕ್ಷಮೆ ಕೇಳ್ತೀನಿ’ ಅಂತ. ಬರೆಯಲ್ಲ ಅಂತಾಳೆ.”

ಬರೆದರೆ, ಸುಳ್ಳುಗಾತಿ ಎಂದು ಅವಳೇ ಸಹಿ ಹಾಕಿದ ಹಾಗೆ, ಅದನ್ನೇ ಹಿಡಿದು ಹೊರಗೆ ಹಾಕುತ್ತಾರೆ. ಬರೆಯದಿದ್ದರೆ ಅಹಂಕಾರ, ಅದಕ್ಕೂ ಹೊರಗೆ. ಸರ್ವಮಂಗಳಮ್ಮ ಬಾಯಿ ತೆರೆದರು, ಅಣ್ಣಯ್ಯಪ್ಪ ಕೈ ಎತ್ತಿ ತಡೆದರು.

ಖಮರ್ ಹೇಳಿದಳು: “ಸಾರ್, ನಾನು ಅರ್ಜೀಲಿ ಫಸ್ಟ್ ಕ್ಲಾಸ್ ಅಂತಾನೂ ಬರ್ದಿದೀನಿ, ಎಲ್ಲಾ ಸೇರಿ ಐವತ್ತೆಂಟು ಅಂತಾನೂ ಬರ್ದಿದೀನಿ. ಅದು ಎರಡಕ್ಕೂ ಸಹಿ ಹಾಕಿದೀನಿ. ಮೂರನೇದಕ್ಕೆ ಹಾಕಲ್ಲ. ಮಾಮು ಖುಷೀಲಿ ಏನೋ ಅಂದ್ರು, ಅವ್ರನ್ನ ಬಿಟ್ಕೊಟ್ಟು ನಂಗೆ ಕೆಲ್ಸ ಬೇಡ.”

ಅವಳು ಪೆನ್ನನ್ನು ಹಾಳೆಯ ಮೇಲಿಟ್ಟಳು. ಏಳಲು ಹೊರಟಳು.

ನಾನು ನಿಂತೇ ಇದ್ದೆ. ನಿಂತಲ್ಲೇ ಹೇಳಿದೆ.

“ಎಂಬತ್ತು ನಂದು ಸ್ವಾಮಿ. ಅವಳು ಹೇಳಿದ್ದಲ್ಲ, ಅವಳಿಗೆ ಗೊತ್ತೂ ಇರ್ಲಿಲ್ಲ. ಅವತ್ತು ಮಾರ್ಕ್ಸ್ ಕಾರ್ಡೇ ಬಂದಿರ್ಲಿಲ್ಲ. ಅರವತ್ತು ಮತ್ತೆ ನೂರು, ನಡುವಿಂದು ಎಂಬತ್ತು ಅಂತ ನಾನೇ ಹಾಕ್ದೆ.”

ಎಲ್ಲರೂ ನಕ್ಕರು. ಗುಮಾಸ್ತ ಮೇಜಿಗೆ ತಲೆ ಇಟ್ಟು ನಕ್ಕ. ಹೊರಗಿನ ಬೆಂಚಿನವರೂ ನಕ್ಕರು. ನಗಲಿ ಎಂದು ಬಿಟ್ಟೆ.

“ಅಂದ್ರೆ ಸುಳ್ಳುಗಾರ ಅಂತ ಒಪ್ಕೋತೀಯ?” ಎಂದರು ಅಣ್ಣಯ್ಯಪ್ಪ. ಬಹುವಚನ ಹೋಗಿತ್ತು.

“ಒಪ್ಕೋತೀನಿ. ನಾನು ಸುಳ್ಳುಗಾರ, ಅವಳು ಫಸ್ಟ್ ಕ್ಲಾಸು. ಎರಡನ್ನೂ ಬರ್ಕೊಳ್ಳಿ. ಹಾಳೆ ಈ ಕಡೆ ಕೊಡಿ, ನಾನ್ ಸಹಿ ಹಾಕ್ತೀನಿ.”

ಹಾಕಿದೆ. ಕನ್ನಡದಲ್ಲಿ, ಎರಡೂ ಮಾತು ಬರೆದು, ಕೆಳಗೆ ಪೂರ್ತಿ ಹೆಸರು.

ನಗು ನಿಂತಿತು. ಸರ್ವಮಂಗಳಮ್ಮ ಹಾಳೆ ಎಳೆದುಕೊಂಡು ಓದಿ, “ಸರಿ. ಇನ್ನು ಅಭ್ಯರ್ಥಿ ಮೇಲೆ ಬೇರೆ ಆಕ್ಷೇಪಣೆ ಇದೆಯಾ ಪ್ರೆಸಿಡೆಂಟ್ರೇ? ಇದ್ರೆ ಹೇಳಿ, ನಾನು ವರದೀಲಿ ಬರ್ಕೋಬೇಕು,” ಎಂದರು. ಅಣ್ಣಯ್ಯಪ್ಪ ಶಾಲು ಸರಿಮಾಡಿಕೊಂಡರು. ಆಕೆ ರಾಮಾಂಜಿನಯ್ಯನ ಕಡೆ ತಿರುಗಿದರು. “ನಿಮ್ಮ ಸರ್ಟಿಫಿಕೇಟಲ್ಲಿ ಯಾವ ದರ್ಜೆ?”

“ಸೆಕೆಂಡ್ ಕ್ಲಾಸ್ ಮೇಡಂ,” ಎಂದ ಹುಡುಗ, ಮಾವನ ಮುಖ ನೋಡದೆ.

ನನ್ನನ್ನು ಹೊರಗೆ ಕಳಿಸಿದರು. ಬೆಂಚಿನವರು ಜಾಗ ಬಿಟ್ಟುಕೊಟ್ಟರು. ನಾನು ಹೋಗಿ ಬಾಯಿ ಮುಕ್ಕಳಿಸಿ ಬಂದು ಕೂತೆ. ರೋಜಾ ಹಿಡಿದಾಗ ಬಾಯಿ ಒಣಗುತ್ತದೆ, ಬೇರೇನಿಲ್ಲ.

೧೧ ಆಗಸ್ಟ್, ಶುಕ್ರವಾರ

ಚಿಕ್ಕಬೋರಯ್ಯ ನನ್ನ ಅಂಗಡಿಗೇ ಬಂದ. “ಕುಣಿಗಲ್ಲಲ್ಲಿ ಸುಳ್ಳುಗಾರ ಅಂತ ಸಹಿ ಹಾಕ್ದಂತೆ?”

“ಹಾಕ್ದೆ.”

ಇನ್ನೇನೋ ಹೇಳುತ್ತೇನೆಂದು ಕಾದು ನಿಂತಿದ್ದ. ಹೋದ.

೨೩ ಆಗಸ್ಟ್, ಬುಧವಾರ

ಆರ್ಡರು ಸೋಮವಾರ ಬಂತು. ಕೆಲಸ ಖಮರ್‌ಗೆ. ಭಾವ ಕನ್ನಡಕ ಒರೆಸಿದ. ರೋಷನ್ ಅತ್ತಳು, ನಕ್ಕಳು, ಇಫ್ತಾರಿಗೆ ಎರಡು ಬಗೆಯ ಶರಬತ್ತು ಮಾಡಿದಳು. ಗುಮಾಸ್ತ ಮಾತ್ರ ಸೇಡು ಬಿಡಲಿಲ್ಲ. ಆರ್ಡರಿನಲ್ಲಿ ಫಸ್ಟ್ ಕ್ಲಾಸು ಎಂದು ಬರೆಯದೆ, ‘ಬಿ.ಎಸ್ಸಿ., ಶೇಕಡಾ ೫೮.೦೬’ ಎಂದು ಟೈಪು ಮಾಡಿದ್ದಾನೆ. ರೋಷನ್ ನನ್ನ ಕಡೆ ನೋಡಿದಳು, ಮೇಜು ಗುದ್ದಲು ಕುಣಿಗಲ್ಲಿಗೆ ಹೊರಡುತ್ತೇನೆಂದು. ಪೆನ್ಸಿಲು ತೆಗೆದು ಲೆಕ್ಕ ಹಾಕಿ ನೋಡಿದೆ. ಸರಿಯಾಗಿತ್ತು.

ಇವತ್ತು ಅವಳನ್ನು ಕೆಲಸಕ್ಕೆ ಸೇರಿಸಲು ಕರೆದುಕೊಂಡು ಹೋದೆ. ಲ್ಯಾಬಿನ ಬಾಗಿಲವರೆಗೆ ಮಾತ್ರ. ಬೀಗ ಹಾಕಿಟ್ಟ ಕಪಾಟು, ಧೂಳು ಹಿಡಿದ ಬಾಟಲಿಗಳು. ಅವಳು ಸೆರಗು ಸಿಕ್ಕಿಸಿ ಒಂದು ಬ್ಯೂರೆಟ್ಟು ತೊಳೆಯತೊಡಗಿದಳು. ನಾನು ಬಂದಿರುವುದೇ ಮರೆತುಹೋಯಿತು ಅವಳಿಗೆ. ನಾನು ಹೊರಟುಬಂದೆ.

ವಾಪಸು ಬರುವಾಗ ಬಸ್ಸಿನಲ್ಲಿ ಪಕ್ಕದವನು ಮಾತಿಗೆಳೆದ. ಎಲ್ಲಿಂದ ಬಂದಿರಿ, ಯಾಕೆ ಬಂದಿರಿ. ತಂಗಿಯ ಮಗಳಿಗೆ ಕಾಲೇಜಿನಲ್ಲಿ ಕೆಲಸವಾಯಿತು ಎಂದೆ.

“ಭೇಷ್! ಎಷ್ಟ್ ತೆಗ್ದಿದ್ಲು?”

“ಯಾವುದ್ರಲ್ಲಿ?”

ಅವನಿಗೆ ತಿಳಿಯಲಿಲ್ಲ. ನಾನು ಬಿಡಿಸಿ ಹೇಳಿದೆ. ಫಿಸಿಕ್ಸು, ಕೆಮಿಸ್ಟ್ರಿ, ಗಣಿತದಲ್ಲಿ ಅರವತ್ತೊಂದು ದಶಾಂಶ ಸೊನ್ನೆ ಎಂಟು. ಭಾಷೆಗಳಲ್ಲಿ ನಲವತ್ತೊಂಬತ್ತು. ಎಲ್ಲ ಸೇರಿ ಐವತ್ತೆಂಟು ದಶಾಂಶ ಸೊನ್ನೆ ಆರು. ದರ್ಜೆ, ಪ್ರಥಮ.

“ಅಷ್ಟುದ್ದ ಯಾಕೆ ಸಾಬ್ರೇ,” ಎಂದು ನಕ್ಕ ಅವನು. “ಫಸ್ಟ್ ಕ್ಲಾಸು ಅಂದ್ಬಿಟ್ರೆ ಮುಗೀತಪ್ಪ. ಆ ನಲವತ್ತೊಂಬತ್ತನ್ನ ಯಾರ್ ಕೇಳ್ತಾರೆ?”

ನನಗೆ ಎಲ್ಲಿಲ್ಲದ ಕೋಪ ಬಂತು. ಬಸ್ಸೆಲ್ಲ ತಿರುಗಿ ನೋಡಿತು. ನೋಡಿದವರು ಎಂಟು ಹತ್ತು ಜನ ಇರಬಹುದು.

“ಯಾಕ್ರೀ ಬಿಡ್ಬೇಕು?” ಎಂದೆ. “ಮನೇಲಿ ಒಂದು ಮಾತು, ಸ್ಕೂಲಲ್ಲಿ ಒಂದು ಮಾತು, ಕಾಲೇಜಲ್ಲಿ ಇನ್ನೊಂದು ಮಾತು ಕಲ್ತು ತಗೊಂಡಿದ್ದು ಅದು. ಆ ನಲವತ್ತೊಂಬತ್ತೂ ಅವಳ್ದೇ!”